ದುಡ್ಡು ಕೊಟ್ರೆ ಎವರೆಸ್ಟ್ ಹತ್ತಬಹುದು, ಇಳಿಯೋದು?

ಆ ಫೋಟೋ ನಿಮಗೆ ನೆನಪಿರಬೇಕು. 2019ರ ಮೇ 22ರಂದು ತೆಗೆದದ್ದು. ಎವರೆಸ್ಟ್ ಶಿಖರದ ಕೊನೆಯ ಏಣಿನ ಮೇಲೆ ನೂರಾರು ಜನ ಸಾಲುಗಟ್ಟಿ ನಿಂತಿದ್ದಾರೆ. ಹಳದಿ, ಕೆಂಪು, ನೀಲಿ ಜಾಕೆಟ್. ಒಬ್ಬರ ಬೆನ್ನಿಗೆ ಇನ್ನೊಬ್ಬರು. ತಿಮ್ಮಪ್ಪನ ದರ್ಶನಕ್ಕೆ ನಿಂತ ಹಾಗೆ. ನಿರ್ಮಲ್ ಪುರ್ಜಾ ಅನ್ನೋ ಪರ್ವತಾರೋಹಿ ತೆಗೆದ ಆ ಚಿತ್ರವನ್ನು ಜಗತ್ತಿನ ಎಲ್ಲ ಚಾನೆಲ್‌ಗಳೂ ತೋರಿಸಿದವು, ನಾವೂ ತೋರಿಸಿದ್ವಿ. ನೋಡಿ ನಕ್ಕವರೇ ಜಾಸ್ತಿ. ಆದರೆ ಆ ವರ್ಷ ಎವರೆಸ್ಟ್‌ನಲ್ಲಿ 11 ಜನ ಸತ್ತರು. ಸತ್ತವರಲ್ಲಿ ನಮ್ಮ ದೇಶದವರೂ ಇದ್ದರು.

ಕ್ಯೂನಲ್ಲಿ ನಿಂತ್ರೆ ಮನುಷ್ಯ ಯಾಕೆ ಸಾಯ್ತಾನೆ? ಅದು ಅರ್ಥವಾಗಬೇಕಾದರೆ ಬುಡದಿಂದ ಶುರು ಮಾಡಬೇಕು.

ಎವರೆಸ್ಟ್‌ನ ಎತ್ತರ 8,848.86 ಮೀಟರ್. ನಮ್ಮ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಎವರೆಸ್ಟ್ ಹತ್ತೋರು ಟೆಂಟ್ ಹಾಕಿಕೊಂಡು ತಿಂಗಳುಗಟ್ಟಲೆ ಇರುವ ಬೇಸ್ ಕ್ಯಾಂಪ್ ಇದೆಯಲ್ಲ, ಅದೇ 5,300 ಮೀಟರ್ ದಾಟುತ್ತೆ. ಅಂದ್ರೆ ಕರ್ನಾಟಕದ ಅತಿ ಎತ್ತರದ ಜಾಗದ ಎರಡೂಮುಕ್ಕಾಲು ಪಟ್ಟು ಎತ್ತರದಲ್ಲಿ ಇವರ ಆಟ ಶುರುವಾಗೋದು!

ಕಠ್ಮಂಡುವಿನಿಂದ ಸಣ್ಣ ವಿಮಾನದಲ್ಲಿ ಲುಕ್ಲಾ. ಅಲ್ಲಿಂದ ನಡಿಗೆ. ನಾಮ್ಚೆ ಬಜಾರ್ ದಾಟಿ, ಎಂಟು ಹತ್ತು ದಿನಕ್ಕೆ ಬೇಸ್ ಕ್ಯಾಂಪ್. ಬೆಂಗಳೂರಿನಿಂದಲೂ ಎಷ್ಟೋ ಜನ ಅಲ್ಲಿವರೆಗೆ ಟ್ರೆಕ್ಕಿಂಗ್ ಹೋಗಿ ಬರ್ತಾರೆ. ಅವರನ್ನು ಕೇಳಿ ನೋಡಿ, ಮೊದಲು ಹೇಳೋದೇ ತಲೆನೋವಿನ ಕಥೆ. ಅಲ್ಲಿ ಪ್ರತಿ ಉಸಿರಿಗೂ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗೋದರ ಅರ್ಧದಷ್ಟು ಮಾತ್ರ. ನೀರು ನೂರು ಡಿಗ್ರಿ ಮುಟ್ಟುವ ಮೊದಲೇ ಕುದಿಯುತ್ತೆ. ಹಸಿವಾಗಲ್ಲ, ನಿದ್ದೆ ಬರಲ್ಲ. ಒಣಗಾಳಿಗೆ ಹತ್ತಿಕೊಳ್ಳುವ ಕೆಮ್ಮು ಎಷ್ಟು ಮಾಮೂಲಿ ಅಂದ್ರೆ ಅದಕ್ಕೆ ಆ ಕಣಿವೆಯ ಹೆಸರನ್ನೇ ಇಟ್ಟಿದ್ದಾರೆ, ಖುಂಬು ಕೆಮ್ಮು.

ಬೇಸ್ ಕ್ಯಾಂಪ್‌ನಲ್ಲಿ ಮೊದಲು ಪೂಜೆ. ಲಾಮಾ ಬಂದು ಮಂತ್ರ ಹೇಳಿ ಪರ್ವತದ ಅಪ್ಪಣೆ ಕೇಳ್ತಾರೆ. ಆ ಪೂಜೆ ಆಗದೆ ಶೆರ್ಪಾಗಳು ಮೇಲೆ ಹೆಜ್ಜೆ ಇಡೋದಿಲ್ಲ. ಆಮೇಲೆ ಹತ್ತೋದು, ಇಳಿಯೋದು. ಒಂದನೇ ಕ್ಯಾಂಪ್‌ಗೆ ಹೋಗಿ ಬರೋದು, ಎರಡನೇದಕ್ಕೆ ಹೋಗಿ ಮಲಗಿ ಬರೋದು, ಮೂರನೇದನ್ನು ಮುಟ್ಟಿ ಬರೋದು. ಯಾಕೆ ಈ ಒದ್ದಾಟ? ದೇಹಕ್ಕೆ ಕಡಿಮೆ ಆಮ್ಲಜನಕದ ಅಭ್ಯಾಸ ಆಗಬೇಕು, ರಕ್ತದಲ್ಲಿ ಕೆಂಪು ಕಣಗಳು ಹೆಚ್ಚಾಗಬೇಕು. ಅದಕ್ಕೆ ವಾರಗಳು ಬೇಕು. ಅವಸರ ಮಾಡಿದ್ರೆ ಶ್ವಾಸಕೋಶಕ್ಕೆ ನೀರು ತುಂಬುತ್ತೆ, ಮಿದುಳು ಊದಿಕೊಳ್ಳುತ್ತೆ. ಎರಡೂ ಜೀವಕ್ಕೇ ಅಪಾಯ.

ಇದೆಲ್ಲಾ ದುಡ್ಡು ಕೊಟ್ಟವರ ಕಥೆ. ದುಡ್ಡು ಎಷ್ಟು? ನೇಪಾಳ ಸರ್ಕಾರದ ಪರವಾನಗಿಗೇ 11 ಸಾವಿರ ಡಾಲರ್ ಇತ್ತು, 2025ರಲ್ಲಿ ಅದನ್ನು 15 ಸಾವಿರಕ್ಕೆ ಏರಿಸಿದರು. ಕಂಪನಿ, ಶೆರ್ಪಾ, ಸಿಲಿಂಡರ್, ಊಟ ಎಲ್ಲಾ ಸೇರಿಸಿದ್ರೆ ಮೂವತ್ತು ನಲವತ್ತು ಲಕ್ಷ ರೂಪಾಯಿಯಿಂದ ಶುರುವಾಗಿ, ಐಷಾರಾಮಿ ಪ್ಯಾಕೇಜ್ ಆದ್ರೆ ಕೋಟಿಯ ಹತ್ತಿರಕ್ಕೂ ಹೋಗುತ್ತೆ. ಈ ವ್ಯಾಪಾರಕ್ಕೆ ದಾರಿ ತೋರಿಸಿದ್ದು 1985ರಲ್ಲಿ ಡಿಕ್ ಬಾಸ್ ಎಂಬ ಅಮೆರಿಕದ ಉದ್ಯಮಿ. ಐವತ್ತೈದರ ವಯಸ್ಸಿನಲ್ಲಿ, ವೃತ್ತಿಪರ ಆರೋಹಿಯ ಜೊತೆ ಹೋಗಿ ಶಿಖರ ಮುಟ್ಟಿ ಬಂದ. ಇವನು ಹತ್ತಿದ ಅಂದ್ಮೇಲೆ ನಾವೂ ಹತ್ತಬಹುದು ಅಂತ ದುಡ್ಡಿದ್ದವರಿಗೆಲ್ಲ ಅನ್ನಿಸಿತು. 1990ರ ದಶಕದಲ್ಲಿ ಕಂಪನಿಗಳು ಸಾಲುಗಟ್ಟಿದವು.

ಈಗ ಇದರ ಇನ್ನೊಂದು ಮುಖ ನೋಡೋಣ. ಬೇಸ್ ಕ್ಯಾಂಪ್ ಬಿಟ್ಟ ತಕ್ಷಣ ಸಿಗೋದು ಖುಂಬು ಹಿಮಪಾತ. ಹೆಸರು ಕೇಳಿ ಮಳೆಯ ಹಾಗೆ ಹಿಮ ಸುರಿಯೋದು ಅಂದ್ಕೋಬೇಡಿ. ಇದು ಜಾರುತ್ತಲೇ ಇರುವ ಹಿಮನದಿ. ಮನೆ ಗಾತ್ರದ ಮಂಜುಗಡ್ಡೆಗಳು ಯಾವಾಗ ಬೇಕಾದರೂ ಉರುಳಬಹುದು. ಬಿರುಕುಗಳ ಮೇಲೆ ಅಲ್ಯೂಮಿನಿಯಂ ಏಣಿ ಕಟ್ಟಿ ದಾರಿ ಮಾಡುವವರನ್ನು 'ಐಸ್‌ಫಾಲ್ ಡಾಕ್ಟರ್'ಗಳು ಅಂತಾರೆ. ಗ್ರಾಹಕ ಈ ದಾರಿಯನ್ನು ಕೆಲವೇ ಸಲ ದಾಟ್ತಾನೆ. ಅವನ ಟೆಂಟು, ಅಕ್ಕಿ, ಗ್ಯಾಸು, ಆಮ್ಲಜನಕ ಹೊತ್ತ ಶೆರ್ಪಾ ಒಂದೇ ಋತುವಿನಲ್ಲಿ ಅದನ್ನು ಮತ್ತೆ ಮತ್ತೆ ದಾಟಬೇಕು.

2014ರ ಏಪ್ರಿಲ್ 18ರ ಬೆಳಗ್ಗೆ ಅಲ್ಲಿ ಮಂಜುಗಡ್ಡೆ ಕುಸಿದು 16 ನೇಪಾಳಿ ಕೆಲಸಗಾರರು ಸತ್ತರು. ಮೂವರ ಶವವೂ ಸಿಗಲಿಲ್ಲ. ಸರ್ಕಾರ ಮೊದಲು ಘೋಷಿಸಿದ ಪರಿಹಾರ ಎಷ್ಟು ಗೊತ್ತಾ? ಒಂದೊಂದು ಕುಟುಂಬಕ್ಕೆ 40 ಸಾವಿರ ನೇಪಾಳಿ ರೂಪಾಯಿ. ನಮ್ಮ ಲೆಕ್ಕದಲ್ಲಿ ಇಪ್ಪತ್ತೈದು ಸಾವಿರ! ಒಬ್ಬ ಗ್ರಾಹಕನ ಪರವಾನಗಿ ಶುಲ್ಕದ ಪಕ್ಕ ಇಟ್ಟು ನೋಡಿ ಆ ಅಂಕಿಯನ್ನ. ಶೆರ್ಪಾಗಳು ಸಿಟ್ಟಿಗೆದ್ದರು, ಆ ವರ್ಷ ಆ ಕಡೆಯ ಆರೋಹಣ ಬಹುತೇಕ ನಿಂತೇಹೋಯ್ತು. ಆಮೇಲೆ ವಿಮೆ ಮೊತ್ತ ಹೆಚ್ಚಿಸಿದರು.

ಸರಿ, ಕ್ಯೂಗೆ ಬರೋಣ. ಶಿಖರದ ತುದಿ ವರ್ಷದ ಬಹುಪಾಲು ಜೆಟ್ ಸ್ಟ್ರೀಮ್ ಎಂಬ ಬಿರುಗಾಳಿಯ ಹೊಡೆತದಲ್ಲಿರುತ್ತೆ. ಮೇ ತಿಂಗಳಲ್ಲಿ ಆ ಗಾಳಿ ಕೆಲವು ದಿನ ಪಕ್ಕಕ್ಕೆ ಸರಿಯುತ್ತೆ. ಆ ಕೆಲವೇ ದಿನಗಳಲ್ಲಿ ಎಲ್ಲರೂ ಹತ್ತಬೇಕು. 2019ರಲ್ಲಿ ನೇಪಾಳ ಕೊಟ್ಟಿದ್ದು 381 ಪರವಾನಗಿ. ಪ್ರತಿಯೊಬ್ಬರ ಜೊತೆ ಕನಿಷ್ಠ ಒಬ್ಬ ಶೆರ್ಪಾ ಅಂದ್ಕೊಳ್ಳಿ. ದಾರಿ ಒಂದೇ, ಹಗ್ಗ ಒಂದೇ. ಹತ್ತೋರೂ ಅದರಲ್ಲೇ, ಇಳಿಯೋರೂ ಅದರಲ್ಲೇ. ಮುಂದಿನವನು ನಿಂತ್ರೆ ಹಿಂದಿನ ಎಲ್ಲರೂ ನಿಂತರು.

8,000 ಮೀಟರ್ ಮೇಲಿನ ಭಾಗಕ್ಕೆ ಸಾವಿನ ವಲಯ ಅಂತಲೇ ಹೆಸರು. ಅಲ್ಲಿ ದೇಹ ಒಗ್ಗಿಕೊಳ್ಳಲ್ಲ. ಗಂಟೆ ಗಂಟೆಗೂ ಸೋಲುತ್ತಾ ಹೋಗುತ್ತೆ ಅಷ್ಟೇ. ತುದಿಯಲ್ಲಿ ಸಿಗೋ ಆಮ್ಲಜನಕ ಸಮುದ್ರಮಟ್ಟದ ಮೂರನೇ ಒಂದು ಭಾಗ. ಬೆನ್ನ ಮೇಲಿನ ಸಿಲಿಂಡರ್ ನಿಮಿಷಕ್ಕೆ ಎರಡು ಲೀಟರ್‌ನಂತೆ ಬಿಟ್ರೆ ಎಂಟು ಹತ್ತು ಗಂಟೆ ಬರಬಹುದು. ನೀವು ನಡೆದರೂ ಅದು ಖರ್ಚಾಗುತ್ತೆ, ನಿಂತರೂ ಖರ್ಚಾಗುತ್ತೆ. ಕ್ಯೂನಲ್ಲಿ ಕಳೆದ ಎರಡು ಗಂಟೆ ಅಂದ್ರೆ ಇಳಿಯೋಕೆ ಇಟ್ಟುಕೊಂಡಿದ್ದ ಎರಡು ಗಂಟೆಯ ಉಸಿರು. ಎಷ್ಟೋ ಜನ ಹತ್ತುವಾಗಲ್ಲ, ಶಿಖರ ಮುಟ್ಟಿ ಇಳಿಯುವಾಗ ಸಾಯೋದು ಇದೇ ಕಾರಣಕ್ಕೆ.

ಇದು ಅನುಭವಿಗಳಿಗೆ ಗೊತ್ತಿಲ್ಲವಾ? ಚೆನ್ನಾಗಿ ಗೊತ್ತಿದೆ. 1996ರಲ್ಲಿ ನ್ಯೂಜಿಲೆಂಡ್‌ನ ರಾಬ್ ಹಾಲ್ ಎಂಬ ಹೆಸರಾಂತ ಗೈಡ್ ಇದ್ದರು. ಮಧ್ಯಾಹ್ನ ಎರಡು ಗಂಟೆಯೊಳಗೆ ತುದಿ ಮುಟ್ಟದಿದ್ರೆ ಎಲ್ಲೇ ಇರಲಿ ವಾಪಸ್ ತಿರುಗಬೇಕು ಅನ್ನೋದು ಅವರ ಮಾತು. ಅವರ ಗ್ರಾಹಕರಲ್ಲಿ ಒಬ್ಬರು ಡಗ್ ಹ್ಯಾನ್ಸನ್, ಅಮೆರಿಕದ ಅಂಚೆ ನೌಕರ. ಹಿಂದಿನ ವರ್ಷ ತುದಿಯ ಸಮೀಪದಿಂದ ಅವರನ್ನು ಹಾಲ್ ಅವರೇ ವಾಪಸ್ ಕರೆತಂದಿದ್ದರು. ಈ ಸಲವೂ ಬೇಡ ಅನ್ನೋದು ಹೇಗೆ? ಆ ದಿನ ಹ್ಯಾನ್ಸನ್ ತುದಿ ತಲುಪಿದ್ದು ನಾಲ್ಕು ಗಂಟೆ ದಾಟಿದ ಮೇಲೆ. ಬಿರುಗಾಳಿ ಬಂತು. ಇಬ್ಬರೂ ಉಳಿಯಲಿಲ್ಲ. ಮೇಲೆ ಸಿಕ್ಕಿಹಾಕಿಕೊಂಡ ಹಾಲ್, ಊರಿನಲ್ಲಿದ್ದ ಗರ್ಭಿಣಿ ಹೆಂಡತಿಯ ಜೊತೆ ರೇಡಿಯೋ ಮೂಲಕ ಕೊನೆಯ ಮಾತಾಡಿದರು. ಮೇ 10 ಮತ್ತು 11ರ ಆ ದುರಂತದಲ್ಲಿ ಒಟ್ಟು 8 ಜನ ಸತ್ತರು. ಟಿಬೆಟ್ ಕಡೆಯಿಂದ ಹತ್ತಿದ ನಮ್ಮ ಐಟಿಬಿಪಿಯ ಮೂವರೂ ಅದರಲ್ಲಿದ್ದರು.

ಗೈಡ್ ತಪ್ಪು ಮಾಡಿದ್ರು ಅಂತ ಸ್ಟುಡಿಯೋದಲ್ಲಿ ಕೂತು ಹೇಳೋದು ಸುಲಭ. ಆದರೆ ಲಕ್ಷಗಟ್ಟಲೆ ಕೊಟ್ಟು, ವರ್ಷಗಟ್ಟಲೆ ಕನಸು ಕಂಡು ಬಂದವನಿಗೆ, ತುದಿ ಕಣ್ಣಿಗೆ ಕಾಣುತ್ತಿರುವಾಗ, 'ಸಾಕು, ತಿರುಗಿ' ಅನ್ನಬೇಕಲ್ಲ, ಆ ಕೆಲಸ ಯಾರಿಗೆ ಬೇಕು? ಅಂಥ ಎತ್ತರದಲ್ಲಿ ಮಿದುಳೂ ಸರಿಯಾಗಿ ಓಡಲ್ಲ. ಹೇಳುವವನದ್ದೂ ಓಡಲ್ಲ, ಕೇಳುವವನದ್ದೂ ಓಡಲ್ಲ.

2006ರಲ್ಲಿ ಡೇವಿಡ್ ಶಾರ್ಪ್ ಎಂಬ ಬ್ರಿಟಿಷ್ ಆರೋಹಿ ಉತ್ತರ ದಾರಿಯಲ್ಲಿ ಕುಸಿದು ಕೂತಿದ್ದರು. ಕಡಿಮೆ ಖರ್ಚಿನಲ್ಲಿ, ಗೈಡ್ ಇಲ್ಲದೆ ಒಬ್ಬರೇ ಹತ್ತಿದ್ದರು. ಸುಮಾರು ನಲವತ್ತು ಜನ ಪಕ್ಕದಲ್ಲೇ ಹಾದು ಹೋದರು. ಕೆಲವರು ಸತ್ತಿದ್ದಾನೆ ಅಂದುಕೊಂಡರು, ಕೆಲವರು ಬದುಕಿಸಲು ಸ್ವಲ್ಪ ಪ್ರಯತ್ನಪಟ್ಟರು. ಅವರು ಉಳಿಯಲಿಲ್ಲ. 1953ರಲ್ಲಿ ತೇನ್‌ಸಿಂಗ್ ಜೊತೆ ಮೊದಲು ಶಿಖರ ಮುಟ್ಟಿದ ಎಡ್ಮಂಡ್ ಹಿಲರಿ ಇದನ್ನು ಕೇಳಿ ಕೆಂಡಾಮಂಡಲವಾದರು. ಅಲ್ಲಿಗೆ ಶಿಖರ ದೊಡ್ಡದಾಯ್ತು, ಮನುಷ್ಯ ಸಣ್ಣವನಾದ ಅಂತ ನಾವೂ ಷರಾ ಬರೆದು ಮುಗಿಸಬಹುದಿತ್ತು.

ಆದರೆ 2023ರ ಮೇ ತಿಂಗಳದ್ದೊಂದು ಘಟನೆ ಕೇಳಿ. ಗೆಲ್ಜೆ ಶೆರ್ಪಾ ಎಂಬ ಯುವಕ ತನ್ನ ಚೀನೀ ಗ್ರಾಹಕನನ್ನು ತುದಿಗೆ ಕರೆದೊಯ್ಯುತ್ತಿದ್ದ. ದಾರಿಯಲ್ಲಿ, ಸಾವಿನ ವಲಯದೊಳಗೆ, ಮಲೇಷ್ಯಾದ ಆರೋಹಿಯೊಬ್ಬ ಚಳಿಯಲ್ಲಿ ನಡುಗುತ್ತಾ ಬಿದ್ದಿದ್ದ. ಗೆಲ್ಜೆ ತನ್ನ ಗ್ರಾಹಕನಿಗೆ ಹೇಳಿದ, ಶಿಖರ ಬೇಡ, ಇವನನ್ನ ಇಳಿಸೋಣ. ಗ್ರಾಹಕ ಒಪ್ಪಿದ. ಬಿದ್ದವನನ್ನು ಮಲಗುವ ಚಾಪೆಯಲ್ಲಿ ಸುತ್ತಿ, ಕೆಲವು ಕಡೆ ಎಳೆದು, ಕೆಲವು ಕಡೆ ಬೆನ್ನ ಮೇಲೆ ಹೊತ್ತು, ಇನ್ನೊಬ್ಬ ಶೆರ್ಪಾ ನೆರವಿನಿಂದ ಗಂಟೆಗಟ್ಟಲೆ ಇಳಿಸಿದರು. ಆ ಮನುಷ್ಯ ಬದುಕಿದ.

ನಾವು ಗೆಲ್ಜೆಯನ್ನು ಹೊಗಳಿದ್ವಿ, ಹೊಗಳಲೇಬೇಕು. ಆದರೆ ನನಗೆ ಜಾಸ್ತಿ ನೆನಪಾಗೋದು 'ಸರಿ' ಅಂದ ಆ ಗ್ರಾಹಕ. ಅವನ ಜೇಬಿನಿಂದಲೂ ಅಷ್ಟೇ ದುಡ್ಡು ಹೋಗಿತ್ತು, ತುದಿ ಅವನಿಗೂ ಕಾಣುತ್ತಿತ್ತು. ಎವರೆಸ್ಟ್‌ಗೆ ಹೋಗಬೇಕು ಅಂತ ನಿಮ್ಮ ಮನೆಯಲ್ಲಿ ಯಾರಾದರೂ ಹೊರಟರೆ ಖಂಡಿತ ಕಳಿಸಿ. ಎಷ್ಟು ಖರ್ಚಾಗುತ್ತೆ ಅಂತ ಕೇಳುವ ಮೊದಲು ಇದೊಂದನ್ನ ಕೇಳಿ: ತಿರುಗು ಅಂದಾಗ ತಿರುಗ್ತೀಯಾ?