ಹಲಸಿನ ಮರದ ತೀರ್ಮಾನ

ಕಾಲೇಜು ಮೇಷ್ಟರಿಗೆ ರಜೆಗೇನು ಕೊರತೆ ಎಂದು ಲೋಕ ಹೇಳುತ್ತದೆ. ಉತ್ತರಪತ್ರಿಕೆಗಳ ಕಟ್ಟನ್ನು ಲೋಕ ಹೊತ್ತು ನೋಡಿಲ್ಲ. ಅದಿರಲಿ. 2025ರ ಆಗಸ್ಟ್ 15 ಶುಕ್ರವಾರ ಬಂದುದರಿಂದ ಮೂರು ದಿನಗಳು ಒಟ್ಟಾಗಿ ಕೈಗೆ ಸಿಕ್ಕಿದವು. ಧ್ವಜವಂದನೆ ಮುಗಿಸಿ ಹೆಂಡತಿ ಮಗಳೊಡನೆ ಬೆಂಗಳೂರು ಬಿಟ್ಟವನು, ಹಾಸನ ದಾಟಿ ಆಲೂರನ್ನು ಕಳೆದು ಮಗ್ಗೆಯ ಕಡೆಗೆ ತಿರುಗುವ ಹೊತ್ತಿಗೆ ಸಂಜೆಯ ಮಳೆ ಹಿಡಿದಿತ್ತು. ಅಲ್ಲಿಂದಾಚೆಗೆ ಸಕಲೇಶಪುರದ ಬೆಟ್ಟಗಳವರೆಗೆ ಕಾಫಿಯದೇ ರಾಜ್ಯ. ಆ ರಾಜ್ಯದಲ್ಲಿ ನಮ್ಮದು ನಾಲ್ಕೆಕರೆಯ ಒಂದು ಮೂಲೆ. ಅವ್ವ, ತಮ್ಮ, ತಮ್ಮನ ಹೆಂಡತಿ ಅಲ್ಲಿ ಇದ್ದಾರೆ. ನಾನು ಪಹಣಿಯಲ್ಲಿ ಮಾತ್ರ ಇದ್ದೇನೆ.

ತಮ್ಮ ವಾರದ ಮೊದಲೇ ಫೋನಿನಲ್ಲಿ ಹೇಳಿದ್ದ: “ಅಣ್ಣ, ಈ ಸಲ ಬಂದಾಗ ಹಲಸಿನ ಮರದ ವಿಚಾರ ತೀರ್ಮಾನ ಆಗ್ಬೇಕು.” ಆ ರಾತ್ರಿ ಕಳಲೆ ಪಲ್ಯ, ಅಕ್ಕಿರೊಟ್ಟಿಯ ಮುಂದೆ ಯಾರೂ ಅದನ್ನು ಎತ್ತಲಿಲ್ಲ.

ಶನಿವಾರ ಬೆಳಿಗ್ಗೆ ಮಳೆ ಹೊಳವು ಕೊಟ್ಟಿತು. ಮಲೆನಾಡಿನಲ್ಲಿ ಹೊಳವೆಂದರೆ ವಿರಾಮವಲ್ಲ, ಅವಸರ. ಕಾಫಿಗೆ ಕೊಳೆರೋಗ ಹತ್ತುವ ಮುನ್ನ ಬೋರ್ಡೋ ದ್ರಾವಣ ಹೊಡೆಯಬೇಕು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು. ಎರಡನ್ನೂ ಬೇರೆಬೇರೆಯಾಗಿ ಕರಗಿಸಿ ಒಂದರೊಳಗೊಂದು ಬೆರೆಸುತ್ತಿದ್ದಂತೆ ಆಕಾಶನೀಲಿಯ ಒಂದು ಹಾಲು ಸಿದ್ಧವಾಗುತ್ತದೆ. ಹದವಾಗಿದೆಯೆ ಎಂದು ತಿಳಿಯಲು ಕತ್ತಿಯ ಅಲಗನ್ನು ಅದ್ದಿ ನೋಡಬೇಕು. ಅಲಗಿಗೆ ಕೆಂಪಗೆ ತಾಮ್ರ ಹತ್ತಿದರೆ ಸುಣ್ಣ ಸಾಲದೆಂದು ಅರ್ಥ. ಮಗಳು ಕತ್ತಿ ಅದ್ದಿದಳು, ಕೆಂಪಾಯಿತು. “ಇನ್ನೊಂದು ಚೊಂಬು ಸುಣ್ಣ” ಎಂದು ಅಜ್ಜಿಗೇ ಆಜ್ಞೆ ಮಾಡಿದಳು. ಶಾಲೆಯಲ್ಲಿ ರಸಾಯನಶಾಸ್ತ್ರವೆಂದರೆ ಮುಖ ಸಿಂಡರಿಸುವ ಹುಡುಗಿ ಇವಳೇ.

ಕೊಳೆರೋಗ ಹಿಡಿದ ಎಲೆ ಕಪ್ಪಾಗಿ ಕಳಚಿಕೊಂಡರೂ ನೆಲಕ್ಕೆ ಬೀಳುವುದಿಲ್ಲ. ಬೂಷ್ಟಿನ ಎಳೆಯೊಂದನ್ನು ಹಿಡಿದು ಕೊಂಬೆಯಲ್ಲೇ ಜೋತಾಡುತ್ತಿರುತ್ತದೆ. ಈ ರೋಗದ ಶಿಲೀಂಧ್ರಕ್ಕೆ ಕುಕ್ ಎಂಬ ಇಂಗ್ಲಿಷ್ ವಿದ್ವಾಂಸ 1876ರಲ್ಲಿ ಕೊಟ್ಟ ಶಾಸ್ತ್ರೀಯ ನಾಮ ‘ಪೆಲಿಕ್ಯುಲೇರಿಯ ಕೊಳೆರೋಗ’. ಲ್ಯಾಟಿನ್ನಿನ ಪಕ್ಕದಲ್ಲಿ ನಮ್ಮ ಕೂಲಿಯಾಳುಗಳ ಮಾತು ಹೀಗೆ ಸರಿಸಮನಾಗಿ ಕುಳಿತಿದೆ. ಕನ್ನಡದಲ್ಲಿ ವಿಜ್ಞಾನ ಹೇಳಲು ಶಬ್ದಗಳಿಲ್ಲವೆಂದು ಕೊರಗುವವರಿಗೆ ನಾನು ಇದನ್ನು ತರಗತಿಯಲ್ಲಿ ಹೇಳುವುದುಂಟು. ಅಂದು ತಮ್ಮನಿಗೂ ಹೇಳಿದೆ. ಅವನು ಪಂಪಿನ ಹಿಡಿಯೊತ್ತುತ್ತ, “ಹೆಸರು ಯಾರಾದ್ರೂ ಇಡ್ಲಿ, ಮದ್ದು ಹೊಡೆಯೋಕೆ ಆಳು ಸಿಗಲಿ” ಎಂದ.

ಆ ಸಾಲಿನ ಕೊನೆಯಲ್ಲಿಯೇ ಹಲಸಿನ ಮರ. ನಾನು ಹುಟ್ಟಿದ ವರ್ಷ ಅಪ್ಪ ನೆಟ್ಟದ್ದು. ಕೆಳಗಿನ ಕಾಫಿಗೆ ನೆರಳು, ಮೈತುಂಬ ಮೆಣಸಿನ ಬಳ್ಳಿ. ದುಡಿದು ತಿನ್ನುವ ಮರ. ದೋಷವೊಂದೇ: ಅದರ ಹಣ್ಣಿನ ವಾಸನೆ ಆನೆಗೆ ಬಹುದೂರದಿಂದ ತಿಳಿಯುತ್ತದೆ. ಆಲೂರು ಸಕಲೇಶಪುರದ ತೋಟಗಳಲ್ಲಿ ಆನೆ ಈಗ ಅತಿಥಿಯಲ್ಲ, ನಿವಾಸಿ. 2014ರಲ್ಲಿ ಇಲ್ಲಿಂದ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದರು, ಆದರೂ ಆನೆಗಳಿವೆ. ಎಂಟು ದಸರೆಗಳಲ್ಲಿ ಅಂಬಾರಿ ಹೊತ್ತ ಅರ್ಜುನ, 2023ರ ಡಿಸೆಂಬರ್ 4ರಂದು ಇದೇ ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ, ಕಾಡಾನೆಯೊಡನೆ ಹೋರಾಡಿ ಸತ್ತ. ಪಳಗಿದ ಆನೆಯ ಗತಿಯೇ ಹಾಗಾದರೆ ಕೊಟ್ಟಿಗೆಗೆ ಹೋಗುವ ಹೆಂಗಸಿನ ಗತಿಯೇನು? ಜೂನಿನಲ್ಲಿ ನಮ್ಮ ಮರದಡಿಗೇ ಮೂರು ಬಂದಿದ್ದವಂತೆ. ಹದಿನೇಳು ಕಾಫಿ ಗಿಡಗಳು ನೆಲಸಮ. ನೆರೆಯವರು ತಮ್ಮ ಹಲಸುಗಳನ್ನು ಕಡಿಸಿಬಿಟ್ಟರು.

ಮರದ ಪರವಾಗಿ ನಾನು ದಾರಿಯುದ್ದಕ್ಕೂ ಒಳ್ಳೆಯ ವಾದವೊಂದನ್ನು ಕಟ್ಟಿಕೊಂಡಿದ್ದೆ. ಅಪ್ಪನ ನೆನಪು ಅದರಲ್ಲಿತ್ತು, ಆನೆಯ ಹಸಿವೂ ಇತ್ತು. ತಮ್ಮ ಪೂರ್ತಿ ಕೇಳಿಸಿಕೊಂಡ.

“ಬೆಳಗಿನ ಜಾವ ಕತ್ತಲಲ್ಲಿ ಕೊಟ್ಟಿಗೆಗೆ ಹೋಗೋಳು ಇವಳು, ಅಣ್ಣ. ನೀನಲ್ಲ.”

ಅವನ ಹೆಂಡತಿ ತಲೆ ತಗ್ಗಿಸಿ ನಿಂತಿದ್ದಳು. ನನ್ನಲ್ಲಿ ಉತ್ತರವಿರಲಿಲ್ಲ. ಕಡಿಸು ಎಂದೇ ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಅವ್ವ, ಎರಡು ದಿನಗಳಿಂದ ಈ ವಿಷಯದಲ್ಲಿ ತುಟಿ ಬಿಚ್ಚದಿದ್ದವಳು, ಕೈಯ ಸುಣ್ಣ ಒರೆಸಿಕೊಳ್ಳುತ್ತ ಹೇಳಿದಳು: “ಆನೆ ಕರೆಯೋದು ಮರವೋ ಹಣ್ಣೋ? ಹಣ್ಣಾಗೋಕೆ ಬಿಡಬೇಡಿ. ಎಳೆಗಾಯೇ ಇಳಿಸಿ.”

“ವರ್ಷಾ ವರ್ಷಾ ಹತ್ತೋರು ಯಾರು ಅವ್ವಾ?”

ಅವ್ವ ನನ್ನ ಕಡೆ ನೋಡಿದಳು. ಮರ ಹತ್ತಿ ಇಪ್ಪತ್ತೈದು ವರ್ಷವಾದ ಈ ದೇಹವನ್ನು ನೋಡಿ ತಮ್ಮನಿಗೆ ನಗು ಬಂತು. ಆದರೂ ಪ್ರತಿ ಬೇಸಗೆ ರಜೆಯಲ್ಲಿ ಬಂದು ಹಗ್ಗವನ್ನಾದರೂ ಹಿಡಿಯುವೆನೆಂದು ಒಪ್ಪಿಕೊಂಡೆ. ಬೇಸಗೆಯ ಒಂದು ವಾರವನ್ನು ನಾನು ಊರಿಗೆ ಕೊಟ್ಟು ಎಷ್ಟು ವರ್ಷವಾಯಿತೆಂದು ಅವ್ವನಿಗೆ ಲೆಕ್ಕವಿದ್ದಿರಬೇಕು. ಅವಳು ಅದನ್ನು ಹೇಳಲಿಲ್ಲ.

ಭಾನುವಾರವಿಡೀ ಅದೇ ಕೆಲಸ. ಕಾಲದ ಕೊನೆಯಾದ್ದರಿಂದ ಮಳೆಗೆ ಸಪ್ಪೆಯಾದ ಬಲಿತ ಕಾಯಿಗಳು. ತಮ್ಮ ಮೇಲೇರಿ ತೊಟ್ಟಿಗೆ ಹಗ್ಗ ಬಿಗಿದು ಕೊಯ್ಯುವನು. ಕೆಳಗೆ ನಾನು ಮೆಣಸಿನ ಬಳ್ಳಿಗೆ ತಾಗದಂತೆ ಇಳಿಸುವೆನು. ಎರಡು ಜಾರಿಬಿದ್ದು ಒಡೆದವು. ಅಂಗೈ ಸುಲಿಯಿತು, ಮೇಣ ಅಂಟಿದ ಅಂಗಿಯನ್ನು ಹೆಂಡತಿ ಅಲ್ಲೇ ಬಿಡಿಸಿದಳು, ಕಾಲಿಗೆ ಹತ್ತಿದ ಜಿಗಣೆಗಳನ್ನು ಮಗಳು ಉಪ್ಪು ಹಾಕಿ ಬಿಡಿಸಿದಳು. ಅವಳ ಲೆಕ್ಕದಂತೆ ಒಟ್ಟು ಮೂವತ್ತೊಂದು ಕಾಯಿ. ಹಸುಗಳಿಗೆ, ಹಪ್ಪಳಕ್ಕೆ, ನೆರೆಮನೆಗಳಿಗೆ ಹಂಚಿ, ನಾಲ್ಕನ್ನು ನಮ್ಮ ಕಾರಿಗೆ ತುಂಬಿದರು.

ಹಾಸನ ಬಿಟ್ಟು ಸ್ವಲ್ಪ ದೂರ ಬಂದಿದ್ದೆವು, ತಮ್ಮನ ಫೋನು. ಅರಣ್ಯ ಇಲಾಖೆಯಿಂದ ಮೊಬೈಲಿಗೆ ಸಂದೇಶ ಬಂದಿದೆಯಂತೆ: ಗುಂಪೊಂದು ನಮ್ಮ ಕಡೆಗೇ ಇದೆ. ಕೊಟ್ಟಿಗೆಗೆ ದೀಪ ಹಾಕಿದ್ದೇವೆ, ಗಾಬರಿಯಿಲ್ಲ ಎಂದ.

“ಮರದಲ್ಲಿ ಕಾಯಿ ಒಂದೂ ಉಳಿದಿಲ್ಲ ತಾನೆ?” ಎಂದು ಕೇಳಿದೆ.

“ತುದಿ ಕೊಂಬೇಲಿ ಒಂದು ಉಳಿದಿದೆ. ನನ್ ಕೈಗೆ ಎಟುಕಲಿಲ್ಲ. ಅವ್ವಂಗೆ ಹೇಳ್ಬೇಡ” ಎಂದ.