ಉಮ್ಮನ ಚಪ್ಪಲಿ ಲೆಕ್ಕ

ನಮ್ಮ ತರವಾಡು ಮನೆ ಇರುವುದು ನೇತ್ರಾವತಿಯ ದಕ್ಷಿಣ ದಂಡೆಯಲ್ಲಿ, ತುಂಬೆ ಅಣೆಕಟ್ಟೆಯಿಂದ ಸ್ವಲ್ಪ ಮೇಲಕ್ಕೆ. ಮಳೆಗಾಲದಲ್ಲಿ ಕೆಂಪು ನೀರು ತೋಟದ ಅಂಚಿನವರೆಗೆ ಬರುತ್ತದೆ. ಬೇಸಗೆಯಲ್ಲಿ ಅಣೆಕಟ್ಟೆಯ ಗೇಟು ಹಾಕಿದ ಮೇಲೆ ಹೊಳೆ ಹರಿಯುವುದನ್ನೇ ಮರೆತು ಕೆರೆಯ ಹಾಗೆ ನಿಂತುಬಿಡುತ್ತದೆ. ಅದಕ್ಕೇ ನಮ್ಮ ಕುಟುಂಬದ ಮಕ್ಕಳೆಲ್ಲ ಇದನ್ನು ‘ಕೆರೆ ಮನೆ’ ಅಂತಲೇ ಕರೆಯುವುದು.

ಈ ಮೇ ತಿಂಗಳಲ್ಲಿ ತಮ್ಮ ಜುಬೈಲ್‌ನಿಂದ ಮೂವತ್ತು ದಿನದ ರಜೆಯಲ್ಲಿ ಬಂದಿದ್ದ. ಅವನ ಹೆಂಡತಿ ಮಕ್ಕಳು ಇರುವುದು ಮಂಗಳೂರಿನ ಫ್ಲ್ಯಾಟ್‌ನಲ್ಲಿ. ಬೆಂಗಳೂರಿನಿಂದ ತಂಗಿಯ ಸಂಸಾರವೂ ಬಂತು. ಚಿಕ್ಕಪ್ಪನ ಮಕ್ಕಳು, ಅವರ ಮಕ್ಕಳು ಎಲ್ಲ ಸೇರಿ ಒಂದು ಆದಿತ್ಯವಾರ ಮನೆ ತುಂಬಿತು. ಮಕ್ಕಳೇ ಹದಿಮೂರು ಮಂದಿ. ಮೂರು ವರ್ಷದ ನಂತರ ಎಲ್ಲರೂ ಒಂದೇ ಸೂರಿನಡಿ ಸೇರಿದ್ದು ಅದೇ ಮೊದಲು. ಉಮ್ಮನ ಮುಖದಲ್ಲಿ ಅವತ್ತು ಪೆರ್ನಾಲಿನ ಕಳೆ.

ಸುಬ್‌ಹ್ ನಮಾಝ್ ಆದಕೂಡಲೇ ಅಡುಗೆಮನೆಯಲ್ಲಿ ಹೊಗೆ ಎದ್ದಿತು. ಬೆಳಿಗ್ಗೆ ಪುಂಡಿ ಮತ್ತು ಕೋಳಿ ಸಾರು. ಹತ್ತು ಗಂಟೆಗೆ ಹಲಸಿನ ಹಣ್ಣು ಕೊಯ್ದರು. ಮಕ್ಕಳ ಕೈಗೆಲ್ಲ ತೆಂಗಿನೆಣ್ಣೆ ಸವರಿ ಕೂರಿಸಿದ್ದಾಯಿತು. ಹೊಳೆ ಬದಿಯ ಮಾವಿನ ಮರದಿಂದ ದೋಟಿಯಲ್ಲಿ ಕಾಯಿ ಕೊಯ್ದು ಉಪ್ಪು ಮೆಣಸು ಹಚ್ಚಿ ತಿಂದರು. ಮೊಬೈಲ್ ಬಿಟ್ಟು ಮಣ್ಣು ಮುಟ್ಟಿದ ಮಕ್ಕಳನ್ನು ನೋಡಿ ತಮ್ಮ ಹೇಳಿದ, “ಕಾಕ, ಇದಕ್ಕೋಸ್ಕರವೇ ನಾನು ಅಲ್ಲಿ ಬಿಸಿಲಲ್ಲಿ ದಿನ ಎಣಿಸುವುದು.”

ಮಕ್ಕಳಿಗೆ ನಾನೊಂದು ಪ್ರಶ್ನೆ ಕೇಳಿದೆ. “ನಿಮ್ಮ ಫ್ಲ್ಯಾಟ್‌ನ ನಳ್ಳಿಯಲ್ಲಿ ಬರುವ ನೀರು ಎಲ್ಲಿಯದ್ದು?” ಒಬ್ಬ ಟ್ಯಾಂಕ್ ಅಂದ, ಇನ್ನೊಬ್ಬಳು ಕಾರ್ಪೊರೇಶನ್ ಅಂದಳು. ಎದುರಿಗಿರುವ ಇದೇ ನೀರು ತುಂಬೆಯಿಂದ ಮಂಗಳೂರಿಗೆ ಹೋಗುವುದು ಅಂದಾಗ ಅವರಿಗೆ ಆಶ್ಚರ್ಯ. ಕುಡಿಯುವ ನೀರಿನ ಮುಖವನ್ನೇ ಅವರು ಅಲ್ಲಿಯವರೆಗೆ ನೋಡಿರಲಿಲ್ಲ.

ನಮ್ಮ ನೆರೆಯಲ್ಲಿ ಹಿಂದೆ ಕಡವಿನಲ್ಲಿ ದೋಣಿ ನಡೆಸುತ್ತಿದ್ದ ಹಿರಿಯರೊಬ್ಬರಿದ್ದಾರೆ. ಎಲ್ಲರಿಗೂ ಅವರು ‘ದೋಣಿ ಕಾಕ’. ಮಕ್ಕಳ ಗದ್ದಲ ಕೇಳಿ ಅವರೂ ಬಂದರು. 1974ರ ನೆರೆಯ ಕಥೆ ಹೇಳಿದರು. ಕೊನೆಗೆ ಮಕ್ಕಳನ್ನು ಕಡವಿನ ಮೇಲಿನ ಮೆಟ್ಟಿಲಲ್ಲಿ ಕೂರಿಸಿ ಎರಡು ಮಾತು ಹೇಳಿದರು. “ಮಕ್ಕಳೇ, ಇದು ನಿಮ್ಮ ಉಪ್ಪಂದಿರು ಆಡಿದ ಹೊಳೆ ಅಲ್ಲ. ಯಾರಾದರೂ ನೀರಿಗೆ ಬಿದ್ದರೆ ಹಿಂದೆ ಹಾರಬೇಡಿ. ಮಲಗಿಕೊಂಡು ಕೋಲು ಕೊಡಿ, ಹಗ್ಗ ಎಸೆಯಿರಿ, ಬೊಬ್ಬೆ ಹೊಡೆಯಿರಿ.” ದೊಡ್ಡವರಾದ ನಾವು ನಕ್ಕೆವು. ಈ ಕಾಕನಿಗೆ ಯಾವಾಗಲೂ ಇದೇ ಕಥೆ ಅಂತ.

ಆದರೆ ಅವರು ಹೇಳಿದ್ದು ಸತ್ಯ. ನಾವು ಸಣ್ಣವರಿದ್ದಾಗ ಮೇ ತಿಂಗಳಲ್ಲಿ ಹೊಳೆ ಅಂದರೆ ಮೊಣಕಾಲು ನೀರು, ಉಳಿದದ್ದೆಲ್ಲ ಹೊಯಿಗೆ. ನಡುವಿನ ದಿಣ್ಣೆಯಲ್ಲಿ ಚೆಂಡಾಟ ಆಡಿ ಬರುತ್ತಿದ್ದೆವು. ತುಂಬೆಯ ಹಳೆಯ ಅಣೆಕಟ್ಟೆಯಲ್ಲಿ ನೀರು ನಿಲ್ಲಿಸುತ್ತಿದ್ದದ್ದು 4 ಮೀಟರ್. ಹೊಸದರಲ್ಲಿ 6 ಮೀಟರ್‌ವರೆಗೂ ನಿಲ್ಲಿಸುತ್ತಾರೆ. ಹಾಗಾಗಿ ಬೇಸಗೆಯಲ್ಲೇ ನಮ್ಮ ಕಡವಿನ ಕೆಳಗಿನ ಮೆಟ್ಟಿಲುಗಳೆಲ್ಲ ನೀರಿನಡಿಗೆ ಹೋಗಿವೆ. ಕಲ್ಲಿಗೆ ಪಾಚಿ ಹಿಡಿದಿದೆ. ಹೊಯಿಗೆ ತೆಗೆದ ಗುಂಡಿಗಳು ಎಲ್ಲಿವೆ ಅಂತ ಮೇಲಿನಿಂದ ಕಾಣುವುದಿಲ್ಲ. ಹೊಳೆ ಬದಲಾಗಿದೆ, ನಮ್ಮ ನೆನಪು ಬದಲಾಗಿಲ್ಲ. “ನಾವೆಲ್ಲ ಇಲ್ಲೇ ಬೆಳೆದದ್ದು” ಅನ್ನುವ ಧೈರ್ಯವೇ ಅಪಾಯ.

ಳುಹರ್ ನಮಾಝ್ ಆಯಿತು. ತುಪ್ಪದ ಅನ್ನ, ಕೋಳಿ, ಮಜ್ಜಿಗೆ ಎಲ್ಲ ಹೊಟ್ಟೆ ತುಂಬ ಆಯಿತು. ಗಂಡಸರು ಚಾಪೆ ಹಾಸಿ ಅಡ್ಡಾದರು. ಹೆಂಗಸರು ಪಾತ್ರೆ ಮುಂದೆ ಕುಳಿತು ಮೂರು ವರ್ಷದ ಮಾತು ಬಿಚ್ಚಿದರು. “ಮಕ್ಕಳನ್ನು ನಾನು ನೋಡಿಕೊಳ್ತೇನೆ, ನೀವು ಮಲಗಿ” ಅಂದವನು ನಾನು. ಜಗಲಿಯ ಕುರ್ಚಿಯಲ್ಲಿ ಕುಳಿತೆ. ಮದ್ರಸದ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಒಂದು ಮೆಸೇಜ್ ಬಂತು. ಉತ್ತರ ಬರೆದೆ. ಅದಕ್ಕೆ ಇನ್ನೊಂದು ಬಂತು. ಹಾಗೇ ಕಣ್ಣು ಎಳೆಯಿತು.

ಎಚ್ಚರವಾದದ್ದು ಉಮ್ಮನ ಸ್ವರಕ್ಕೆ. “ಮೋನೆ, ಹನ್ನೊಂದೇ ಜೊತೆ ಇರುವುದು!”

ಉಮ್ಮನಿಗೆ ಎಪ್ಪತ್ತು ದಾಟಿದೆ. ಕಣ್ಣು ಮಂಜು. ತಸ್‌ಬೀಹ್ ಹಿಡಿದು ಬಾಗಿಲ ಹತ್ತಿರ ಕೂರುವುದು ಅವರ ರೂಢಿ. ಅಷ್ಟು ಮಕ್ಕಳ ಮುಖ ಗುರುತಿಸಿ ಎಣಿಸಲು ಅವರಿಂದ ಆಗುವುದಿಲ್ಲ. ಅದಕ್ಕೆ ಅವರು ಬೆಳಿಗ್ಗೆಯಿಂದ ಮೆಟ್ಟಿಲ ಬಳಿಯ ಮಕ್ಕಳ ಚಪ್ಪಲಿ ಎಣಿಸುತ್ತಿದ್ದರಂತೆ. ಹದಿಮೂರು ಜೊತೆ ಇದ್ದರೆ ಎಲ್ಲರೂ ಮನೆಯೊಳಗೆ. ಕಡಿಮೆ ಇದ್ದರೆ ಯಾರೋ ಹೊರಗೆ.

ಓಡಿದೆ. ಕಡವಿನಲ್ಲಿ ಕಂಡದ್ದು ಈಗಲೂ ನಿದ್ದೆಯಲ್ಲಿ ಬರುತ್ತದೆ. ತಂಗಿಯ ಒಂಬತ್ತು ವರ್ಷದ ಮಗ ಗಂಟಲವರೆಗೆ ನೀರಲ್ಲಿ, ದೋಟಿಯ ಕೊಕ್ಕೆ ಹಿಡಿದು. ತಮ್ಮನ ಮಗಳು, ಏಳನೇ ಕ್ಲಾಸಿನ ಹುಡುಗಿ, ಮೆಟ್ಟಿಲ ಮೇಲೆ ಕವುಚಿ ಮಲಗಿ ದೋಟಿಯ ಈಚೆ ತುದಿ ಹಿಡಿದಿದ್ದಾಳೆ. ಬೊಬ್ಬೆ ಹೊಡೆಯಲು ಅವಳಿಗೆ ಸ್ವರವೇ ಇರಲಿಲ್ಲ. ಬೆಳಿಗ್ಗೆ ನೀರಿಗೆ ಹೋಗಿದ್ದ ಚೆಂಡು ದಡಕ್ಕೆ ಬಂದದ್ದನ್ನು ನೋಡಿ ಹುಡುಗ ಇಳಿದಿದ್ದ. ಪಾಚಿಯಲ್ಲಿ ಕಾಲು ಜಾರಿತು. ಅವನನ್ನು ಹುಡುಕಿಕೊಂಡು ಬಂದ ಇವಳು, ಹಾರದೆ, ಮಾವಿನ ಮರಕ್ಕೆ ಒರಗಿಸಿದ್ದ ದೋಟಿ ತಂದು ಮಲಗಿದ್ದಳು. ದೋಣಿ ಕಾಕ ಹೇಳಿಕೊಟ್ಟ ಹಾಗೆಯೇ.

ಇಬ್ಬರೂ ಸೇರಿ ಎಳೆದೆವು. ಅಲ್‌ಹಮ್ದುಲಿಲ್ಲಾಹ್, ಹುಡುಗ ಉಸಿರಾಡುತ್ತಿದ್ದ. ಕೆಮ್ಮಿ ಕೆಮ್ಮಿ ನೀರು ಕಕ್ಕಿದ. ಸರಿಯಾಗಿದ್ದಾನಲ್ಲ ಅಂತ ಸುಮ್ಮನಾಗದೆ ಡಾಕ್ಟರಲ್ಲಿಗೆ ಕರೆದುಕೊಂಡು ಹೋದೆವು. ಶ್ವಾಸಕೋಶಕ್ಕೆ ನೀರು ಹೋಗಿದ್ದರೆ ಕೆಲವು ಗಂಟೆಗಳ ನಂತರವೂ ತೊಂದರೆ ಕಾಣಿಸಿಕೊಳ್ಳಬಹುದು ಅಂತ ಅವರು ರಾತ್ರಿಯವರೆಗೆ ಅಲ್ಲೇ ಇರಿಸಿಕೊಂಡರು.

ತಂಗಿ ನನ್ನ ಹತ್ತಿರ ಮಾತಾಡಲಿಲ್ಲ. ಮಾರನೇ ದಿನ ಬ್ಯಾಗ್ ಕಟ್ಟಿದಳು. “ಇನ್ನು ಈ ಮನೆಗೆ ಮಕ್ಕಳನ್ನು ತರುವುದಿಲ್ಲ” ಅಂದಳು. ತಪ್ಪು ನನ್ನದು, ಏನು ಹೇಳಲಿ? ಆಗ ಉಮ್ಮ ಅವಳ ಕೈ ಹಿಡಿದು ಹೇಳಿದರು, “ಮಗಳೇ, ಹೊಳೆಯನ್ನು ದೂರ ಮಾಡು. ನನ್ನನ್ನು ಮಾಡಬೇಡ.” ತಂಗಿ ಅತ್ತಳು. ನಾನೂ ಅತ್ತೆ. ಎಲ್ಲರ ಮುಂದೆ ಅವಳಲ್ಲಿ ಮಾಫಿ ಕೇಳಿದೆ. ಬ್ಯಾಗ್ ಬಿಚ್ಚಿದಳು.

ಬಂಧುಗಳೇ, ಮದ್ರಸದಲ್ಲಿ ನಾನೇ ಪಾಠ ಮಾಡುವ ವಿಷಯ ಇದು. ತಡೆಗೋಡೆ ಇಲ್ಲದ ಮಾಳಿಗೆಯ ಮೇಲೆ ಮಲಗುವುದರ ಬಗ್ಗೆ ಪ್ರವಾದಿ (ಸ) ಎಚ್ಚರಿಸಿದ ಹದೀಸ್ ಅಬೂದಾವೂದ್‌ನಲ್ಲಿದೆ. ಬೀಳುವುದು ಬೀಳದಿರುವುದು ಅಲ್ಲಾಹನ ವಿಧಿ, ಆದರೆ ಗೋಡೆ ಕಟ್ಟುವುದು ನಮ್ಮ ಕೆಲಸ. ನೀರಲ್ಲಿ ಮುಳುಗಿ ಮರಣ ಹೊಂದಿದವರಿಗೆ ಶಹೀದರ ಪ್ರತಿಫಲ ಇದೆ ಅಂತಲೂ ನಾವು ಹೇಳುತ್ತೇವೆ. ಅದು ಮಗುವನ್ನು ಕಳೆದುಕೊಂಡ ಮನೆಗೆ ಅಲ್ಲಾಹನ ಸಾಂತ್ವನ. ಕಾಯಬೇಕಾದವನ ಅಜಾಗ್ರತೆಗೆ ಕೊಟ್ಟ ರಿಯಾಯಿತಿ ಅಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಮಂದಿ ನೀರಲ್ಲಿ ಮುಳುಗಿ ಸತ್ತರು. ಅವರಲ್ಲಿ ಹೆಚ್ಚುಕಡಿಮೆ ಕಾಲು ಭಾಗ 5 ವರ್ಷದೊಳಗಿನ ಮಕ್ಕಳು. ಸಿನಿಮಾದಲ್ಲಿ ತೋರಿಸುವ ಹಾಗೆ ಮುಳುಗುವವರು ಕೈ ಬೀಸಿ ಕೂಗುವುದು ಕಡಿಮೆ. ಬಾಯಿ ನೀರಿನ ಮಟ್ಟದಲ್ಲಿರುವಾಗ ಕೂಗಲು ಉಸಿರೇ ಇರುವುದಿಲ್ಲ. ಹತ್ತು ಮಾರು ದೂರದಲ್ಲಿ ಹರಟೆ ಹೊಡೆಯುತ್ತಾ ಕುಳಿತವರಿಗೂ ಕೇಳಿಸುವುದಿಲ್ಲ.

ಆ ದಿನದ ನಂತರ ನಮ್ಮ ಮನೆಯಲ್ಲಿ ಕೆಲವು ನಿಯಮ ಮಾಡಿದ್ದೇವೆ. ನೀರಿನ ಹತ್ತಿರ ಇರುವ ಮಕ್ಕಳು ಒಬ್ಬರ ಹೆಸರಿಗೆ ಅಮಾನತ್. “ಎಲ್ಲರೂ ಇದ್ದೇವಲ್ಲ” ಅಂದರೆ ಯಾರೂ ಇಲ್ಲ ಅಂತ ಅರ್ಥ. ಅರ್ಧ ಗಂಟೆಗೊಮ್ಮೆ ಸರದಿ ಬದಲು. ಸರದಿಯವನ ಮೊಬೈಲ್ ಉಮ್ಮನ ಮಡಿಲಲ್ಲಿ. ಊಟದ ನಂತರ ಅಸರ್ ತನಕ ಹೊಳೆಗೆ ಇಳಿಯುವಂತಿಲ್ಲ. ಕಡವಿಗೆ ಬಿದಿರಿನ ಗೇಟು, ಅದರ ಪಕ್ಕದಲ್ಲಿ ಒಂದು ದೋಟಿ, ಒಂದು ಹಗ್ಗ ಯಾವಾಗಲೂ. ನೀರಿನಿಂದ ಎತ್ತಿದವರಿಗೆ ಉಸಿರು ಇಲ್ಲದಿದ್ದರೆ ತಲೆಕೆಳಗೆ ಮಾಡುವುದು, ಹೊಟ್ಟೆ ಒತ್ತುವುದು ಮಾಡಬಾರದು. ಬಾಯಿಯಿಂದ ಬಾಯಿಗೆ ಉಸಿರು ಕೊಟ್ಟು ಎದೆ ಒತ್ತುತ್ತಾ ಇರಬೇಕು. ಇನ್ನೊಬ್ಬರು 108ಕ್ಕೆ ಫೋನ್ ಮಾಡಬೇಕು. ಇದನ್ನು ಮನೆಯ ದೊಡ್ಡವರೆಲ್ಲ ಒಮ್ಮೆಯಾದರೂ ಕಲಿಯಬೇಕು.

ಇನ್ನೊಂದು ಮಾತು. ಉಮ್ಮನಿಗೆ ಈಜು ಬರುತ್ತದೆ. ಹಿಂದೆ ಈ ಕಡವಿನಲ್ಲಿ ಬಟ್ಟೆ ಒಗೆಯುತ್ತಿದ್ದ ನಮ್ಮ ಹೆಂಗಸರಿಗೆಲ್ಲ ಬರುತ್ತಿತ್ತು. ಅವರ ಮಗಳಿಗೆ, ಮೊಮ್ಮಗಳಿಗೆ ಬರುವುದಿಲ್ಲ. ಹೊಳೆ ಬದಿಯ ಸಮುದಾಯ ನಾವು, ಮಕ್ಕಳಿಗೆ ಕಂಪ್ಯೂಟರ್ ಕಲಿಸಿದೆವು, ಈಜು ಬಿಟ್ಟೆವು. ಹೆಣ್ಣುಮಕ್ಕಳಿಗೆ ಬೇರೆ ಸಮಯ, ಮೈ ಮುಚ್ಚುವ ಉಡುಪು, ಕಲಿಸಲು ಹೆಂಗಸರು, ಇಷ್ಟು ವ್ಯವಸ್ಥೆ ಮಾಡಿಕೊಳ್ಳುವುದು ಕಷ್ಟ ಅಲ್ಲ. ಜಮಾಅತ್‌ಗಳು, ಯುವಕರ ಸಂಘಟನೆಗಳು ಬೇಸಗೆ ಶಿಬಿರದಲ್ಲಿ ಇದನ್ನೂ ಸೇರಿಸಲಿ. ದೋಟಿ ಹಿಡಿದ ಆ ಹುಡುಗಿಗೆ ಈಜು ಕಲಿಸುತ್ತೇನೆ ಅಂತ ಅವಳ ಉಪ್ಪ ಮಾತು ಕೊಟ್ಟಿದ್ದಾನೆ.

ತಮ್ಮ ಜುಬೈಲ್‌ಗೆ ಹೊರಡುವ ಮುಂಚಿನ ಆದಿತ್ಯವಾರ ಎಲ್ಲರೂ ಇನ್ನೊಮ್ಮೆ ಸೇರಿದರು. ತಂಗಿಯೂ ಬಂದಳು, ಅವಳ ಮಗನೂ ಬಂದ. ಸಂಜೆ ಕಡವಿನ ಮೇಲಿನ ಮೆಟ್ಟಿಲಲ್ಲಿ ಮಕ್ಕಳು ಸಾಲಾಗಿ ಕುಳಿತು ಚಹಾದ ಜೊತೆ ನೈಪತ್ತಿರ್ ತಿಂದರು. ಸರದಿ ನನ್ನದು. ಮಗ್ರಿಬ್ ಬಾಂಗ್ ಆದಾಗ ಎಲ್ಲರನ್ನೂ ಒಳಗೆ ಕರೆತಂದೆ.

ಉಮ್ಮ ಬಾಗಿಲಲ್ಲಿ ಬಗ್ಗಿ ಎಣಿಸುತ್ತಿದ್ದರು. ಹದಿಮೂರು ಜೊತೆ ಇತ್ತು.