ಐದೂವರೆ ವರ್ಷದ ಓದು, ಅದರ ಬೆನ್ನಿಗೆ ಸಾಲ

ಡಾಕ್ಟರಾಗಲು ಐದೂವರೆ ವರ್ಷ ಓದಬೇಕೆಂಬ ನಿಯಮ ಹಳೆಯದೇನಲ್ಲ. ಬ್ರಿಟಿಷರ ಆಳ್ವಿಕೆಯಲ್ಲಿ ಅದಕ್ಕಿಂತ ಕಡಿಮೆ ಅವಧಿಯ ಲೈಸೆನ್ಷಿಯೇಟ್ ಮುಗಿಸಿದವರೂ ಔಷಧ ಕೊಡುತ್ತಿದ್ದರು. ದೇಶಕ್ಕೆಲ್ಲ ಒಂದೇ ದರ್ಜೆಯ ಡಾಕ್ಟರು ಸಾಕು ಎಂದು 1946ರಲ್ಲಿ ಭೋರ್ ಸಮಿತಿ ಹೇಳಿತು. ಲೈಸೆನ್ಷಿಯೇಟ್ ಕ್ರಮೇಣ ಮರೆಯಾಯಿತು. ಈಗ ಎಂ.ಬಿ.ಬಿ.ಎಸ್. ಎಂದರೆ ನಾಲ್ಕೂವರೆ ವರ್ಷದ ಪಾಠ, ಒಂದು ವರ್ಷದ ಇಂಟರ್ನ್‌ಶಿಪ್.

ನಿಜಾಮರ ಸಂಸ್ಥಾನದಲ್ಲಿದ್ದ ಬೀದರಿಗೆ ವೈದ್ಯ ಶಿಕ್ಷಣವೆಂದರೆ ಹೈದರಾಬಾದ್. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1963ರಲ್ಲಿ ಕಲಬುರಗಿಯಲ್ಲಿ ಎಂ.ಆರ್. ಮೆಡಿಕಲ್ ಕಾಲೇಜು ತೆರೆಯಿತು, ಆದರೆ ಅದು ಖಾಸಗಿ. ಬೀದರ್ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ಬ್ರಿಮ್ಸ್, ಬಂದದ್ದು 2007ರಲ್ಲಿ. ಭಾಲ್ಕಿ, ಔರಾದ್‌ಗಳ ಹುಡುಗ ಹುಡುಗಿಯರಿಗೆ ತಮ್ಮ ಜಿಲ್ಲೆಯಲ್ಲೇ ಸರ್ಕಾರಿ ಸೀಟು ಕಾಣಲು ಏಕೀಕರಣದ ನಂತರವೂ ಅರ್ಧ ಶತಮಾನ ಹಿಡಿಯಿತು.

ಈ ನಡುವೆ ಸೀಟಿನ ಬೆಲೆ ಬೇರೆಯೇ ದಾರಿ ಹಿಡಿದಿತ್ತು. ಸೀಟಿಗೆ ಶುಲ್ಕದ ಹೊರತಾಗಿ ಪಡೆಯುವ ಹಣವನ್ನು, ಅಂದರೆ ಕ್ಯಾಪಿಟೇಶನ್ ಅನ್ನು, ತಡೆಯಲು ರಾಜ್ಯ 1984ರಲ್ಲಿ ಕಾಯ್ದೆ ತಂದಿತು. ಅದರಡಿ 1989ರಲ್ಲಿ ಹೊರಟ ಅಧಿಸೂಚನೆ ಖಾಸಗಿ ಕಾಲೇಜಿನ ವಾರ್ಷಿಕ ಶುಲ್ಕವನ್ನು ಹೀಗೆ ಗೊತ್ತುಮಾಡಿತು: ಸರ್ಕಾರಿ ಸೀಟಿಗೆ 2,000 ರೂಪಾಯಿ, ರಾಜ್ಯದ ಇತರರಿಗೆ 25,000, ಹೊರರಾಜ್ಯದವರಿಗೆ 60,000. ತುಮಕೂರಿನ ಕಾಲೇಜೊಂದರ ಪ್ರವೇಶದಿಂದ ಎದ್ದ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1992ರಲ್ಲಿ ಇದನ್ನು ತಳ್ಳಿಹಾಕಿತು. ಮರುವರ್ಷ ಉನ್ನಿಕೃಷ್ಣನ್ ತೀರ್ಪು ‘ಫ್ರೀ’ ಸೀಟು, ‘ಪೇಮೆಂಟ್’ ಸೀಟುಗಳ ಲೆಕ್ಕ ಹಾಕಿಕೊಟ್ಟಿತು. ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆ ಸಿಇಟಿ ಹುಟ್ಟಿದ್ದು ಆ ಬಳಿಕ. ಸಂವಿಧಾನದ 371ಜೆ ವಿಧಿ ಬಂದ ಮೇಲೆ, ಬೀದರ್ ಸೇರಿದ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ 70, ಉಳಿದೆಡೆ ಶೇ 8ರಷ್ಟು ಸೀಟು ಆ ಭಾಗದವರಿಗೆ ಮೀಸಲಾಯಿತು. ಆದರೂ ಸರ್ಕಾರಿ ಸೀಟು ತಪ್ಪಿದರೆ ಖರ್ಚು ಸಾವಿರಗಳಿಂದ ಲಕ್ಷಗಳಿಗೆ ಜಿಗಿಯುತ್ತದೆ.

ಹಾಗಾಗಿ ಖರ್ಚು ಕಾಲೇಜು ಸೇರುವ ಮೊದಲೇ ಶುರುವಾಗುತ್ತದೆ. 1989ರಲ್ಲಿ ಆರಂಭವಾದ ಶಾಹೀನ್ ಶಿಕ್ಷಣ ಸಂಸ್ಥೆಯಿಂದಾಗಿ ಬೀದರ್ ನಗರ ಈಗಿನ ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್‌ನ ತರಬೇತಿಗೆ ಹೆಸರಾಗಿದೆ. ಒಮ್ಮೆ ರ‍್ಯಾಂಕ್ ಬಾರದವರು ‘ಲಾಂಗ್ ಟರ್ಮ್’ ಸೇರಿ ಇನ್ನೊಂದು ವರ್ಷ ಓದುತ್ತಾರೆ. ಆ ವರ್ಷದ ಹಾಸ್ಟೆಲ್, ಕೋಚಿಂಗ್ ಖರ್ಚು ಯಾವ ಕೋರ್ಸಿನ ಲೆಕ್ಕಕ್ಕೂ ಬರುವುದಿಲ್ಲ.

ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆ ರೂಪುಗೊಂಡದ್ದು 2001ರಲ್ಲಿ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ. ಆದರೆ ಆ ಅವಧಿಗೂ ಬಡ್ಡಿ ಬೀಳುತ್ತದೆ. ಓದು ಉದ್ದವಾದಷ್ಟೂ ಸಾಲ ಹಿಗ್ಗುವುದು ಇಲ್ಲಿಯೇ. ವರ್ಷದ ಆರಂಭಕ್ಕೆ 2 ಲಕ್ಷದಂತೆ ಐದು ಬಾರಿ ಸಾಲ ಎತ್ತಿ, ಬಡ್ಡಿ ಶೇ 10ರ ಸರಳ ದರದಲ್ಲಿದೆ ಎಂದಿಟ್ಟುಕೊಳ್ಳಿ. ಮೊದಲ ಕಂತಿನ ಹೊತ್ತಿಗೆ ಆರೂವರೆ ವರ್ಷ ಕಳೆದಿರುತ್ತದೆ. 10 ಲಕ್ಷ 14.5 ಲಕ್ಷವಾಗಿರುತ್ತದೆ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದರೆ ಈ ಅವಧಿಯ ಬಡ್ಡಿಯನ್ನು ಕೇಂದ್ರವೇ ಭರಿಸುವ ಯೋಜನೆ 2009ರಲ್ಲಿ ಬಂತು. ಅದರ ಲಾಭ ಒಮ್ಮೆ ಮಾತ್ರ. ಎಂ.ಬಿ.ಬಿ.ಎಸ್.ಗೆ ಪಡೆದವರಿಗೆ ಎಂ.ಡಿ.ಗೆ ಸಿಗುವುದಿಲ್ಲ.

ದೊಡ್ಡ ಸಾಲಕ್ಕೆ ಅಡಮಾನ ಬೇಕು. ತೊಗರಿ, ಸೋಯಾ ಬೆಳೆಯುವ ಭಾಲ್ಕಿ, ಔರಾದ್ ಕಡೆಯ ಮನೆಗಳಲ್ಲಿ ಇರುವ ಆಸ್ತಿಯೆಂದರೆ ಹೊಲ. 2002ರ ಸರ್ಫೇಸಿ ಕಾಯ್ದೆಯಡಿ ಸುಸ್ತಿದಾರರ ಆಸ್ತಿಯನ್ನು ಬ್ಯಾಂಕು ನೇರವಾಗಿ ವಶಪಡಿಸಿಕೊಳ್ಳಬಹುದು, ಆದರೆ ಕೃಷಿ ಜಮೀನಿಗೆ ಆ ಕಾಯ್ದೆ ಅನ್ವಯಿಸದು. ರೈತನ ರಕ್ಷಣೆಗೆಂದು ಇಟ್ಟ ಈ ವಿನಾಯಿತಿಯೇ, ವಿಚಿತ್ರವೆಂದರೆ, ಮಗಳ ಓದಿಗೆ ಹೊಲ ಒತ್ತೆಯಿಡಲು ಹೋದವನಿಗೆ ಅಡ್ಡಿ. ಬ್ಯಾಂಕಿನವರು ಎನ್.ಎ. (ಕೃಷಿಯೇತರ) ಆದ ನಿವೇಶನವನ್ನೋ ಮನೆಯನ್ನೋ ಕೇಳುತ್ತಾರೆ. ಒತ್ತೆಗೆ ಒಲ್ಲದ ಹೊಲ ಮಾರಾಟಕ್ಕಂತೂ ಸಲ್ಲುತ್ತದೆ.

2023ರವರೆಗೆ ಪದವಿಯ ನಂತರ ಎಲ್ಲರಿಗೂ ಕಡ್ಡಾಯ ಸೇವೆಯಿತ್ತು. ರಾಜ್ಯದ 2012ರ ಕಾಯ್ದೆಯಂತೆ ಅದು ಒಂದು ವರ್ಷ. ಸಂಬಳ ಬರುತ್ತಿತ್ತು, ಕಂತಿಗೆ ಸಿಕ್ಕ ಒಂದು ವರ್ಷದ ಬಿಡುವು ಬಹುಪಾಲು ಅದರಲ್ಲೇ ಸಂದುಹೋಗುತ್ತಿತ್ತು. ಮುಂದೆ ಎಂ.ಡಿ., ಎಂ.ಎಸ್. ಸೇರಿದರೆ ಮತ್ತೆ ಮೂರು ವರ್ಷ, ಕೈಗೆ ಬರುವುದು ಸ್ಟೈಪೆಂಡ್. ಬ್ಯಾಂಕು ಒಪ್ಪಿದರೆ ಕಂತನ್ನು ಅಷ್ಟು ಕಾಲ ಮುಂದೂಡಬಹುದು. ಬಡ್ಡಿ ಮಾತ್ರ ಏರುತ್ತಲೇ ಇರುತ್ತದೆ.